ಜಕ್ಕೂರು ಕೆರೆಯ ಹೆಜ್ಜಾರ್ಲೆ: ಒಂದು ಜಲವರ್ಣ, ಪೇಪರ್ ಬಿಗಿಯೋದ್ರಿಂದ ಫ್ರೇಮ್ ಹಾಕೋವರೆಗೆ

ಜನವರಿಯಲ್ಲಿ ಕೈಗೆತ್ತಿಕೊಂಡ ಚಿತ್ರ ಈಗ ಫ್ರೇಮ್ ಆಗಿ ಗೋಡೆಗೆ ಬಂತು, ಹಾಗಾಗಿ ಏನೇನು ಮಾಡ್ದೆ ಅಂತ ಮರೆಯೋ ಮುಂಚೆ ಬರೆದಿಡ್ತಾ ಇದೀನಿ. ವಿಷಯ ಇಷ್ಟು: ಬೆಂಗಳೂರಿನ ಜಕ್ಕೂರು ಕೆರೆ, ಬೆಳಗಿನ ಬಿಸಿಲು, ಹಿಂದೆ ಜೊಂಡು, ನೀರೊಳಗಿಂದ ಎದ್ದಿರೋ ಒಂದು ಒಣ ಮರದ ಬೊಡ್ಡೆ, ಅದರ ಮೇಲೆ ಒಂದು ಹೆಜ್ಜಾರ್ಲೆ, ಅಂದ್ರೆ ಪೆಲಿಕನ್. ಸೈಜು ಹಾಫ್ ಇಂಪೀರಿಯಲ್, ಅಂದ್ರೆ 15 ಇಂಚು 22 ಇಂಚು. ಪೂರ್ತಿ ಜಲವರ್ಣ. ಬಿಳಿ ಬಣ್ಣದ ಟ್ಯೂಬ್ ಮುಟ್ಟೋದೇ ಇಲ್ಲ, ಹಕ್ಕಿಯ ಮೈ ಮೇಲೆ ಎಲ್ಲೆಲ್ಲಿ ಬಿಳಿ ಕಾಣುತ್ತೋ ಅದೆಲ್ಲ ಪೇಪರಿನ ಬಿಳಿನೇ ಆಗಿರ್ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ, ಮುಂದಿನ ಎಲ್ಲಾ ಕೆಲಸದ ಕ್ರಮ ಆ ಒಂದು ತೀರ್ಮಾನದಿಂದಲೇ ಬಂದಿದ್ದು.

ಯಾಕೆ ಅಂದ್ರೆ ಹಕ್ಕಿ ಚಿತ್ರಗಳಲ್ಲಿ ನನಗೆ ತುಂಬಾ ಕಾಡೋ ವಿಷಯ ಒಂದಿದೆ. ಹಕ್ಕಿನ ಗರಿ ಗರಿ ಬಿಡದೆ ಬರೆದು ಮುಗಿಸಿ, ಆಮೇಲೆ ಹಿಂದೆ ಒಂದಷ್ಟು ಹಸಿರು ತುಂಬಿಸಿದ್ರೆ ಹಕ್ಕಿ ಅಲ್ಲಿ ಕೂತಿರಲ್ಲ, ತಂದು ಅಂಟಿಸಿದ ಹಾಗಿರುತ್ತೆ. ಕೆರೆಯಲ್ಲಿ ಕೂತ ಹಕ್ಕಿಯ ಬೆನ್ನಿಗೆ ಆಕಾಶದ ಬೆಳಕು ಬೀಳುತ್ತೆ, ಹೊಟ್ಟೆಗೆ ನೀರಿಂದ ವಾಪಸ್ ಬರೋ ಬೆಳಕು ಬೀಳುತ್ತೆ, ಪಕ್ಕದ ಜೊಂಡಿನ ಹಸಿರು ಸ್ವಲ್ಪ ಮೈಗೆ ಹತ್ತಿರುತ್ತೆ. ಹಾಗಾಗಿ ಜಾಗ ಮೊದಲು ಆಗ್ಬೇಕು, ಹಕ್ಕಿ ಕೊನೆಗೆ. ಜಾಗ ಸರಿಯಾಗಿ ಬಂದ್ರೆ ಹಕ್ಕಿಯ ಅರ್ಧ ಕೆಲಸ ಅದೇ ಮಾಡಿಕೊಟ್ಟಿರುತ್ತೆ. ಇದನ್ನ ಈ ಚಿತ್ರದಲ್ಲಿ ಗಟ್ಟಿಯಾಗಿ ಹಿಡಿದು ಮಾಡ್ಬೇಕು ಅನ್ನೋದೇ ನನ್ನ ಉದ್ದೇಶ ಆಗಿತ್ತು.

ಕೆರೆ ಏರಿ ಮೇಲೆ

ಜಕ್ಕೂರು ಕೆರೆ ಸುಮಾರು 160 ಎಕರೆ. ಮೇಲ್ಭಾಗದಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಇದೆ, ಅಲ್ಲಿ ಶುದ್ಧ ಮಾಡಿದ ನೀರು ಜೊಂಡು ಬೆಳೆಸಿರೋ ಒಂದು ತೇವದ ಜಾಗ ಹಾದು ಕೆರೆಗೆ ಇಳಿಯುತ್ತೆ, ಅದಕ್ಕೇ ಬೇಸಿಗೆಯಲ್ಲೂ ಅಲ್ಲಿ ನೀರಿರುತ್ತೆ, ನೀರಿದ್ರೆ ಮೀನು, ಮೀನಿದ್ರೆ ಹಕ್ಕಿ. ಚಿತ್ರ ಬರೆಯೋರಿಗೆ ಆ ಜೊಂಡಿನ ಸಾಲು ದೊಡ್ಡ ಉಪಕಾರ. ಬಿಳಿ ಹಕ್ಕಿ ಎದ್ದು ಕಾಣೋಕೆ ಹಿಂದೆ ಒಂದು ಗಾಢ ಬಣ್ಣದ ಪರದೆ ಬೇಕು, ಅದು ಅಲ್ಲಿ ತಾನಾಗೇ ಇದೆ. ಎಷ್ಟೋ ಕೆರೆಗಳಲ್ಲಿ ಹಕ್ಕಿ ಹಿಂದೆ ಬರೀ ನೀರು, ಅದರ ಹಿಂದೆ ಅಪಾರ್ಟ್‌ಮೆಂಟ್, ಅಲ್ಲಿ ಬಿಳಿ ಹಕ್ಕಿ ಬರೆಯೋದು ಕಷ್ಟ.

ಹೊತ್ತು ಮುಖ್ಯ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ರ, ಇಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಹತ್ತಲ್ಲ, ನೆಟ್ಟಗೆ ಮೇಲೆ ಹೋಗ್ಬಿಡ್ತಾನೆ. ಜನವರಿಯಲ್ಲಿ ಆರೂ ಮುಕ್ಕಾಲರ ಹತ್ರ ಹುಟ್ಟಿದ್ರೆ ಎಂಟೂವರೆ ಒಂಬತ್ತರ ಹೊತ್ತಿಗೆ ನೆರಳೆಲ್ಲ ಗಿಡ್ಡ ಆಗ್ತಾ ಬಂದು, ಹಕ್ಕಿಯ ಮೈ ಮೇಲಿನ ಉಬ್ಬು ತಗ್ಗು ಮಾಸ್ತಾ ಇರುತ್ತೆ. ಹಾಗಾಗಿ ಸಿಗೋದು ಒಂದೂವರೆ ಗಂಟೆ. ಅದರಲ್ಲೂ ಮೊದಲ ಅರ್ಧ ಗಂಟೆ ಮಂಜು, ಆಗ ಆಚೆ ದಡದ ಮರಗಳು ಬರೀ ಬೂದು ಪಟ್ಟಿ. ನನಗೆ ಬೇಕಾಗಿದ್ದು ಆ ಮಂಜು ಕರಗ್ತಾ, ಹಕ್ಕಿಯ ಬೆನ್ನಿಗೆ ಪಕ್ಕದಿಂದ ಬಿಸಿಲು ತಾಗೋ ಹೊತ್ತು.

ಸ್ಕೆಚ್‌ಗೆ ತಗೊಂಡು ಹೋಗೋದು ಕಡಿಮೆ: ಎ5 ಸ್ಕೆಚ್‌ಬುಕ್, 2ಬಿ ಪೆನ್ಸಿಲ್ ಒಂದು, 6ಬಿ ಒಂದು, ಬೈನಾಕ್ಯುಲರ್ 8x42, ಒಂದು ಮಡಚೋ ಸ್ಟೂಲ್. ಬೈನಾಕ್ಯುಲರ್ ಹಿಡ್ಕೊಂಡು ನೋಡೋದು, ಕೆಳಗಿಡೋದು, ನೆನಪಲ್ಲಿ ಉಳಿದಷ್ಟು ಎರಡೇ ಎರಡು ಗೆರೆ ಹಾಕೋದು, ಮತ್ತೆ ನೋಡೋದು. ಹಕ್ಕಿ ಭಂಗಿ ಬದಲಿಸಿದ್ರೆ ಆ ಸ್ಕೆಚ್ ಅಳಿಸೋದಿಲ್ಲ, ಪಕ್ಕದಲ್ಲಿ ಹೊಸದು ಶುರು. ಒಂದೇ ಪುಟದಲ್ಲಿ ಅರ್ಧರ್ಧ ಹಕ್ಕಿಗಳು ಸಾಲಾಗಿ ಬಿದ್ದಿರುತ್ತೆ, ಹಕ್ಕಿ ಅದೇ ಭಂಗಿಗೆ ಪದೇ ಪದೇ ವಾಪಸ್ ಬರೋದ್ರಿಂದ ನಿಧಾನಕ್ಕೆ ಒಂದೊಂದೂ ಪೂರ್ತಿ ಆಗುತ್ತೆ. ಬರೆಯೋದು ಕಲಿಯೋರಿಗೆ ಹೆಜ್ಜಾರ್ಲೆ ಒಳ್ಳೇ ಹಕ್ಕಿ, ಯಾಕಂದ್ರೆ ದೊಡ್ಡದು, ಕೊಕ್ಕಿನ ತುದಿಯಿಂದ ಬಾಲದವರೆಗೆ 125ರಿಂದ 150 ಸೆಂಟಿಮೀಟರ್ ಇರುತ್ತೆ, ಕೂತ್ರೆ ಬೇಗ ಏಳಲ್ಲ. ಮಿಂಚುಳ್ಳಿ ಹಾಗಲ್ಲ, ಅದು ಬರೀ ನೆನಪಿಂದ ಬರೆಯೋ ಹಕ್ಕಿ.

ದಡದಲ್ಲಿ ತೆಪ್ಪ ಒರಗಿಸಿ ಬಲೆ ಬಿಡಿಸ್ತಾ ಇದ್ದ ಒಬ್ಬರು ದಿನಾ ನೋಡ್ತಾ ಇದ್ರು, ಒಂದಿನ ಹತ್ರ ಬಂದು ಪುಸ್ತಕ ಇಣುಕಿದ್ರು.

"ಏನಣ್ಣ, ಇದನ್ನೇ ಬರೀತಾ ಇರ್ತೀರಾ? ಅದು ಕೂತಿದೆ ಅಷ್ಟೇ, ಏನೂ ಮಾಡ್ತಿಲ್ವಲ್ಲ."

"ಅದಕ್ಕೇ ಅಣ್ಣ, ಕದಲಲ್ವಲ್ಲ, ಬರೆಯೋಕೆ ಅನುಕೂಲ."

"ಹೊಟ್ಟೆ ತುಂಬಿದ್ಮೇಲೆ ಕೂರೋದು ಅವು. ನಾವು ಬಲೆ ಎಳೆಯೋ ಹೊತ್ತಿಗೆ ಬನ್ನಿ, ಆಗ ನೋಡಿ ಕೊಕ್ಕು ಹೆಂಗೆ ಅಗಲ ಮಾಡ್ತವೆ ಅಂತ."

ಅವರು ಹೇಳಿದ ಹೊತ್ತಿಗೆ ಹೋಗಿ ನೋಡಿದ್ದಕ್ಕೆ ಕೊಕ್ಕು ಅರ್ಥ ಆಯ್ತು. ಕೆಳಗಿನ ಕೊಕ್ಕು ಎರಡು ತೆಳು ಮೂಳೆ, ನಡುವೆ ಚರ್ಮದ ಚೀಲ. ನೀರಿಗೆ ಹಾಕಿದಾಗ ಆ ಎರಡೂ ಮೂಳೆ ಹೊರಗೆ ಬಾಗಿ ಬಾಯಿ ಅಗಲ ಆಗುತ್ತೆ, ತಲೆ ಎತ್ತಿ ಕೊಕ್ಕು ಎದೆಗೆ ಒತ್ತಿದಾಗ ನೀರು ಇಳಿದು ಹೋಗಿ ಮೀನು ಉಳಿಯುತ್ತೆ. ಇದು ನೋಡಿದ ಮೇಲೆ ಸುಮ್ನೆ ಕೂತಿರೋ ಹಕ್ಕಿಯ ಕೊಕ್ಕಿನ ಕೆಳಗೆ ಜೋತಿರೋ ಆ ಸಡಿಲ ಗೆರೆ ಯಾಕೆ ಹಾಗಿದೆ ಅಂತ ಕೈಗೆ ಗೊತ್ತಾಯ್ತು. ಮೊದಲಿನ ಸ್ಕೆಚ್‌ಗಳಲ್ಲಿ ಅದು ಬರೀ ಗೆರೆ, ಆಮೇಲಿನದರಲ್ಲಿ ಚರ್ಮ.

ಮೈಕಟ್ಟು

ಮನೇಲಿ ಸ್ಕೆಚ್‌ಗಳನ್ನ ಟೇಬಲ್ ಮೇಲೆ ಹರಡಿ ಒಂದು ಭಂಗಿ ಆರಿಸ್ಕೊಂಡೆ: ಮೈ ಮುಕ್ಕಾಲು ಪಕ್ಕಕ್ಕೆ, ಕುತ್ತಿಗೆ ಹಿಂದಕ್ಕೆ ಮಡಚಿ, ಕೊಕ್ಕು ಎದೆ ಮೇಲೆ ಒರಗಿಸಿಕೊಂಡಿರೋದು. ಅದನ್ನ ಚಿತ್ರದ ಸೈಜಿಗೆ ಬೇರೆ ಹಾಳೇಲಿ ಬರೆದೆ. ಮೊದಲು ಒಂದು ಓರೆ ಮೊಟ್ಟೆ ಆಕಾರ, ಅದರ ಓರೆ ಎಷ್ಟು ಅಂತ ತೋರಿಸೋ ಒಂದು ನಡುಗೆರೆ, ಆಮೇಲೆ ಕಣ್ಣಿಂದ ಕೊಕ್ಕಿನ ತುದಿಗೆ ಇನ್ನೊಂದು ಗೆರೆ. ಈ ಎರಡು ಗೆರೆಗಳ ನಡುವಿನ ಕೋನ ಸರಿ ಇದ್ರೆ ದೂರದಿಂದಲೇ ಹೆಜ್ಜಾರ್ಲೆ ಅನ್ಸುತ್ತೆ, ಆ ಕೋನ ತಪ್ಪಿದ್ರೆ ಎಷ್ಟು ಗರಿ ಬರೆದ್ರೂ ಬಾತುಕೋಳಿನೇ.

ರೆಕ್ಕೆ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಹಕ್ಕಿ ಬರೆಯೋರು ಜಾಸ್ತಿ ತಡವರಿಸೋದು ಇಲ್ಲೇ. ಹಾರೋಕೆ ಬೇಕಾದ ದೊಡ್ಡ ಗರಿಗಳಲ್ಲಿ ಪ್ರೈಮರಿಗಳು ಹಕ್ಕಿಯ ಕೈ ಮೂಳೆಗೆ ಕೂತಿರುತ್ತೆ, ಸೆಕೆಂಡರಿಗಳು ಮುಂದೋಳಿನ ಮೂಳೆಗೆ. ರೆಕ್ಕೆ ಮಡಚಿದಾಗ ಸೆಕೆಂಡರಿಗಳು ಮೇಲೆ ಬಂದು ಪ್ರೈಮರಿಗಳನ್ನ ಮುಚ್ಚುತ್ತೆ, ಬಾಲದ ಹತ್ರ ಪ್ರೈಮರಿಗಳ ತುದಿ ಮಾತ್ರ ಇಣುಕುತ್ತೆ. ಹೆಜ್ಜಾರ್ಲೆಯಲ್ಲಿ ಆ ತುದಿಗಳು ಗಾಢ ಕಂದು, ಮಿಕ್ಕ ಮೈ ಮಾಸಲು ಬಿಳಿ, ಬೂದು. ಹಾಗಾಗಿ ಅಲ್ಲಿ ಒಂದು ಗಾಢ ತ್ರಿಕೋನ ಇಟ್ರೆ ಸಾಕು, ಇಡೀ ರೆಕ್ಕೆ ಮಡಚಿದೆ ಅಂತ ಕಣ್ಣು ನಂಬುತ್ತೆ. ಕಾಲಲ್ಲಿ ಇನ್ನೊಂದು: ಹಕ್ಕಿಗಳ ಕಾಲಲ್ಲಿ ಹಿಂದಕ್ಕೆ ಬಗ್ಗಿದ ಮಂಡಿ ಅಂತ ಕಾಣೋದು ನಿಜವಾಗಿ ಹಿಮ್ಮಡಿಯ ಕೀಲು, ಮಂಡಿ ಹೊಟ್ಟೆಯ ಗರಿಯೊಳಗೆ ಅಡಗಿರುತ್ತೆ. ಪಾದದಲ್ಲಿ ಬಾತುಕೋಳಿಗೆ ಮುಂದಿನ ಮೂರು ಬೆರಳಿಗೆ ಮಾತ್ರ ಜಾಲಪೊರೆ ಇದ್ರೆ ಹೆಜ್ಜಾರ್ಲೆಗೆ ನಾಲ್ಕೂ ಬೆರಳು ಸೇರಿಸಿ ಇರುತ್ತೆ, ನೀರುಕಾಗೆಗೂ ಹಾಗೇ. ಬೊಡ್ಡೆ ಮೇಲೆ ಪಾದ ಹೇಗೆ ಕೂರುತ್ತೆ ಅನ್ನೋದು ಇದರಿಂದಲೇ ನಿರ್ಧಾರ ಆಗೋದು.

ಟೋನ್ (ಎಲ್ಲಿ ತಿಳಿ, ಎಲ್ಲಿ ಗಾಢ ಅನ್ನೋದು) ನೋಡ್ಕೊಳೋಕೆ ಬೆಂಕಿಪೊಟ್ಟಣದಷ್ಟು ಸಣ್ಣ ತಂಬ್‌ನೇಲ್‌ಗಳು ಬರೆದೆ, 6ಬಿ ಪೆನ್ಸಿಲ್‌ನಲ್ಲಿ ಮೂರೇ ಟೋನ್: ಪೇಪರ್ ಬಿಳಿ, ನಡು ಬೂದು, ಗಾಢ. ಹಕ್ಕಿಯ ಬೆನ್ನು ಬಿಳಿ, ಆಕಾಶ ನೀರು ನಡು ಬೂದು, ಜೊಂಡು ಗಾಢ. ಹಕ್ಕಿಯನ್ನ ನಡುವಿಗೆ ಇಡ್ಲಿಲ್ಲ, ಬಲಗಡೆ ಮೂರನೇ ಒಂದು ಭಾಗದ ಹತ್ರ ಇಟ್ಟು ಎಡಕ್ಕೆ ಮುಖ ಮಾಡ್ಸಿದೆ, ಎಡಗಡೆ ತೆರೆದ ನೀರು ಬಿಟ್ಟೆ. ಈ ಹಂತದಲ್ಲಿ ಅರ್ಧ ಗಂಟೆ ಜಾಸ್ತಿ ಹೋದ್ರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ, ಜಲವರ್ಣದಲ್ಲಿ ಬಣ್ಣ ಬಿದ್ದ ಮೇಲೆ ಜಾಗ ಬದಲಿಸೋ ಹಾಗಿಲ್ಲ.

ಪೇಪರ್

ಇಲ್ಲಿ ಒಂದು ತೊಂದರೆ ಆಯ್ತು. ತಂದಿಟ್ಟಿದ್ದ 300 ಜಿಎಸ್‌ಎಂ ಕಾಟನ್ ಶೀಟ್‌ಗಳಲ್ಲಿ ಎರಡು ಶೀಟ್ ಸೈಸಿಂಗ್ ಸತ್ತಿತ್ತು. ಸೈಸಿಂಗ್ ಅಂದ್ರೆ ಪೇಪರ್ ಮಾಡುವಾಗ ಹಾಕೋ ಜೆಲಟಿನ್ ಥರದ ಅಂಟು, ನೀರು ತಕ್ಷಣ ಒಳಗೆ ಹೀರದೆ ಮೇಲೆ ಸ್ವಲ್ಪ ಹೊತ್ತು ನಿಲ್ಲೋಕೆ ಅದೇ ಕಾರಣ. ತೇವದ ಗೋಡೌನ್‌ನಲ್ಲಿ ವರ್ಷಗಟ್ಟಲೆ ಇದ್ರೆ ಅದು ಕೆಡುತ್ತೆ. ಕಣ್ಣಿಗೆ ಏನೂ ಕಾಣಲ್ಲ, ಪೇಪರ್ ಹೊಸದರ ಹಾಗೇ ಇರುತ್ತೆ. ಪರೀಕ್ಷೆ ಸುಲಭ: ಮೂಲೆಯಲ್ಲಿ ಬರೀ ನೀರಿನ ಬ್ರಷ್ ಒಂದು ಸಲ ಎಳೀರಿ. ನೀರು ಹೊಳೀತಾ ಮೇಲೇ ನಿಂತ್ರೆ ಪೇಪರ್ ಚೆನ್ನಾಗಿದೆ. ತಕ್ಷಣ ಅಲ್ಲಲ್ಲಿ ಗಾಢ ಚುಕ್ಕೆ ಆಗಿ ಒಳಗೆ ಇಳಿದ್ರೆ ಆ ಪೇಪರ್ ವಾಶ್‌ಗೆ (ನೀರು ಬೆರೆಸಿದ ತೆಳು ಬಣ್ಣ ಅಗಲವಾಗಿ ಹಚ್ಚೋದಕ್ಕೆ) ಬರಲ್ಲ, ಬಣ್ಣ ಹಾಕಿದ ಕಡೆ ಮಚ್ಚೆ ಬೀಳುತ್ತೆ, ಎಷ್ಟು ತಿದ್ದಿದ್ರೂ ಹೋಗಲ್ಲ. ಆ ಎರಡು ಶೀಟನ್ನ ಚಾರ್ಕೋಲ್‌ಗೆ ಎತ್ತಿಟ್ಟೆ, ಅದಕ್ಕೆ ಚೆನ್ನಾಗೇ ಆಗುತ್ತೆ. ಮೂರನೇ ಶೀಟ್ ಪಾಸಾಯ್ತು. ಅಂಗಡೀಲಿ ಬಿಡಿ ಶೀಟ್ ಕೊಳ್ಳುವಾಗ ಪೂರ್ತಿ ಚಿತ್ರ ಶುರು ಮಾಡೋ ಮುಂಚೆ ಈ ಪರೀಕ್ಷೆ ಮಾಡಿ, ದಯವಿಟ್ಟು, ವಾರಗಟ್ಟಲೆ ಮಾಡಿದ ಡ್ರಾಯಿಂಗ್ ಉಳಿಯುತ್ತೆ.

ಬಿಗಿಯೋದು ಹೀಗೆ: 12 ಎಂಎಂ ಪ್ಲೈವುಡ್ ಬೋರ್ಡ್, ಎರಡೂ ಕಡೆ ವಾರ್ನಿಷ್ ಹೊಡೆದಿರೋದು. ಶೀಟಿನ ಎರಡೂ ಮೈಗೆ ಮೆತ್ತನೆ ಸ್ಪಂಜಿಂದ ನೀರು ಹಚ್ಚಿ ಐದಾರು ನಿಮಿಷ ಬಿಟ್ಟೆ, ಕಾಟನ್ ನಾರು ನೀರು ಕುಡಿದು ಶೀಟ್ ಸ್ವಲ್ಪ ಹಿಗ್ಗುತ್ತೆ. ಆಮೇಲೆ ಬೋರ್ಡ್ ಮೇಲೆ ಮಲಗಿಸಿ ನಾಲ್ಕೂ ಅಂಚಿಗೆ ನೀರು ತಾಗಿಸಿದ್ರೆ ಅಂಟೋ ಕಂದು ಪೇಪರ್ ಟೇಪ್. ಪಾರ್ಸಲ್‌ಗೆ ಹಾಕೋ ಪ್ಲಾಸ್ಟಿಕ್ ಟೇಪ್ ಅಲ್ಲ, ಒದ್ದೆ ಪೇಪರಿಗೆ ಅದು ಹಿಡಿಯಲ್ಲ. ಬೋರ್ಡ್ ಮಲಗಿಸೇ ಒಣಗಿಸ್ಬೇಕು, ನಿಲ್ಲಿಸಿದ್ರೆ ನೀರು ಕೆಳಗಿನ ಅಂಚಿಗೆ ಇಳಿದು ಟೇಪ್ ಬಿಟ್ಕೊಳುತ್ತೆ. ಬಿಸಿಲಿಗೂ ಇಡ್ಬಾರ್ದು, ಫ್ಯಾನಿನ ಕೆಳಗೂ ಬೇಡ. ರಾತ್ರಿ ಮಾಡಿಟ್ಟೆ, ಬೆಳಿಗ್ಗೆ ಬೆರಳಲ್ಲಿ ತಟ್ಟಿದ್ರೆ ಟಣ್ ಅಂತು. ಇನ್ನು ಎಷ್ಟು ನೀರು ಸುರಿದ್ರೂ ಶೀಟ್ ಉಬ್ಬಲ್ಲ.

ಬಣ್ಣದ ನೀರಿಗೆ ಬೋರ್‌ವೆಲ್ ನೀರು ಬಳಸಲ್ಲ, ನಮ್ಮ ಕಡೆ ಬೋರ್ ನೀರು ಗಡಸು, ಒಣಗಿದ ಮೇಲೆ ಗಾಢ ವಾಶ್‌ಗಳ ಮೇಲೆ ಬಿಳಿ ಪೊರೆ ಬಿಡುತ್ತೆ. ಕುಡಿಯೋ ಫಿಲ್ಟರ್ ನೀರೇ ತಗೊಂಡೆ.

ಬಣ್ಣ

ಆರೇ ಬಣ್ಣ: ಅಲ್ಟ್ರಾಮರೀನ್, ಕೋಬಾಲ್ಟ್ ಬ್ಲೂ, ಬರ್ಂಟ್ ಸಿಯೆನ್ನಾ, ರಾ ಸಿಯೆನ್ನಾ, ಲೆಮನ್ ಯೆಲ್ಲೋ, ಕ್ವಿನಾಕ್ರಿಡೋನ್ ರೋಸ್. ಕಪ್ಪು ಇಲ್ಲ, ರೆಡಿ ಹಸಿರು ಇಲ್ಲ. ಅಲ್ಟ್ರಾಮರೀನ್ ನೀಲಿಯೂ ಬರ್ಂಟ್ ಸಿಯೆನ್ನಾದ ಕಿತ್ತಳೆಗಂದೂ ಒಂದಕ್ಕೊಂದು ಎದುರು ಬಣ್ಣ, ಸೇರಿಸಿದ್ರೆ ಬೂದು ಬರುತ್ತೆ, ನೀಲಿ ಜಾಸ್ತಿ ಮಾಡಿದ್ರೆ ತಣ್ಣನೆ ಬೂದು, ಸಿಯೆನ್ನಾ ಜಾಸ್ತಿ ಮಾಡಿದ್ರೆ ಬೆಚ್ಚನೆ ಬೂದು, ಎರಡನ್ನೂ ಗಟ್ಟಿಯಾಗಿ ಬೆರೆಸಿದ್ರೆ ಕಪ್ಪಿನ ಹತ್ರ. ಇಡೀ ಹಕ್ಕಿ ಈ ಒಂದು ಜೋಡಿಯಲ್ಲೇ ಮುಗಿಯುತ್ತೆ, ಹೆಚ್ಚು ಅಂದ್ರೆ ಕೊಕ್ಕಿಗೆ ಒಂಚೂರು ರೋಸ್. ಅಲ್ಟ್ರಾಮರೀನ್‌ಗೆ ಇನ್ನೊಂದು ಗುಣ ಇದೆ, ಅದರ ಕಣಗಳು ಪೇಪರಿನ ಗುಳಿಗಳಲ್ಲಿ ಕೂತು ಒರಟು ಒರಟಾಗಿ ಕಾಣುತ್ತೆ, ಗ್ರ್ಯಾನುಲೇಶನ್ ಅಂತಾರೆ. ಮಂಜು, ಮೋಡ, ಹಕ್ಕಿಯ ಬೂದು ಗರಿ, ಮೂರಕ್ಕೂ ಅದು ಒದಗಿ ಬರುತ್ತೆ.

ಕೆಂಪು ಆರಿಸುವಾಗ ಹಳೇ ಅಲಿಜರಿನ್ ಕ್ರಿಮ್ಸನ್ ಬಿಟ್ಟು ಕ್ವಿನಾಕ್ರಿಡೋನ್ ತಗೊಂಡಿದ್ದಕ್ಕೆ ಕಾರಣ ಬೆಳಕಿಗೆ ಬಣ್ಣ ಹಾರೋದು. ಅಲಿಜರಿನ್ ತೆಳು ವಾಶ್ ಆಗಿ ಹಾಕಿದ್ರೆ ಬಿಸಿಲು ಬರೋ ಕೋಣೇಲಿ ನಿಧಾನಕ್ಕೆ ಮಾಸುತ್ತೆ. ನಂಬಿಕೆ ಬರದಿದ್ರೆ ಒಂದು ಪಟ್ಟಿಗೆ ನಿಮ್ಮ ಬಣ್ಣಗಳನ್ನ ಹಚ್ಚಿ ಅರ್ಧ ಭಾಗ ರಟ್ಟಿಂದ ಮುಚ್ಚಿ ಕಿಟಕಿಗೆ ಅಂಟಿಸಿಡಿ, ಒಂದು ಬೇಸಿಗೆ ಕಳೆದ ಮೇಲೆ ರಟ್ಟು ತೆಗೆದು ನೋಡಿ.

ಆಕಾಶ, ಆಚೆ ದಡ

ಡ್ರಾಯಿಂಗನ್ನ ಕಿಟಕಿ ಗಾಜಿನ ಮೇಲೆ ಟ್ರೇಸ್ ಮಾಡೋ ಹಾಗಿಲ್ಲ, ಶೀಟ್ ಬೋರ್ಡಿಗೆ ಬಿಗಿದಾಗಿದೆ. ಅದಕ್ಕೆ ಡ್ರಾಯಿಂಗ್ ಹಿಂದೆ 2ಬಿ ಪೆನ್ಸಿಲ್ ಉಜ್ಜಿ, ಮೇಲೆ ಇಟ್ಟು, ಹೊರಗೆರೆ ಮಾತ್ರ ಹಗುರಕ್ಕೆ ಇಳಿಸಿದೆ. ಆಮೇಲೆ ಮಾಸ್ಕಿಂಗ್ ಫ್ಲೂಯಿಡ್. ಇದು ರಬ್ಬರ್ ಹಾಲು, ಹಚ್ಚಿದ ಕಡೆ ಪೇಪರಿಗೆ ಬಣ್ಣ ಹತ್ತಲ್ಲ, ಆಮೇಲೆ ಉಜ್ಜಿ ತೆಗೆಯೋದು. ಅಮೋನಿಯಾ ವಾಸನೆ ಬರುತ್ತೆ, ಕಿಟಕಿ ತೆಗೆದಿಡಿ. ಹಳೇ ಬ್ರಷ್‌ಗೆ ಸೋಪು ಸವರಿ ಅದ್ದಿದ್ರೆ ಕೂದಲು ಅಂಟಲ್ಲ. ಇಡೀ ಹಕ್ಕಿಗೆ ಹಾಕೋರು ಇದಾರೆ, ನನಗೆ ಅದು ಇಷ್ಟ ಆಗಲ್ಲ, ತೆಗೆದಾಗ ಸುತ್ತ ಕತ್ತರಿಸಿದ ಹಾಗೆ ಗಟ್ಟಿ ಅಂಚು ಬರುತ್ತೆ. ಬೆನ್ನಿನ ಮೇಲೆ ಬಿಸಿಲು ತಾಗೋ ಒಂದು ಎಳೆ, ಕೊಕ್ಕಿನ ಮೇಲಂಚು, ಬೊಡ್ಡೆಯ ತುದಿ, ನೀರಲ್ಲಿ ನಾಲ್ಕು ಮಿನುಗು, ಇಷ್ಟಕ್ಕೆ ಮಾತ್ರ ಹಾಕಿದೆ. ಮಿಕ್ಕ ಹಕ್ಕಿಯ ಅಂಚು ಬ್ರಷ್‌ನಿಂದಲೇ ಸುತ್ತಿ ಬಿಡೋದು.

ಆಕಾಶಕ್ಕೆ ಶೀಟಿನ ಮೇಲಿನ ಮುಕ್ಕಾಲು ಭಾಗ ದಪ್ಪ ಮೆತ್ತನೆ ಮಾಪ್ ಬ್ರಷ್‌ನಿಂದ ಒದ್ದೆ ಮಾಡಿ, ಹಕ್ಕಿನ ಒಣಗೇ ಬಿಟ್ಟು, ರಾ ಸಿಯೆನ್ನಾ ತಿಳಿ ಮಜ್ಜಿಗೆ ಹದಕ್ಕೆ ಕಲಸಿ ದಿಗಂತದ ಹತ್ರ ಹಚ್ಚಿದೆ, ಅದರೊಳಗೆ ಚೂರು ರೋಸ್, ಮೇಲೆ ಹೋಗ್ತಾ ಕೋಬಾಲ್ಟ್. ಬೋರ್ಡನ್ನ ಹಿಂದಿನಿಂದ ಒಂದು ಪುಸ್ತಕದಷ್ಟು ಎತ್ತರಿಸಿದ್ರೆ ಬಣ್ಣ ತಾನೇ ಇಳಿದು ಬೆರೆಯುತ್ತೆ, ಬ್ರಷ್ ಮತ್ತೆ ಮತ್ತೆ ಆಡಿಸೋದು ಬೇಡ. ಹೊಳಪು ಇಳಿದು ಪೇಪರ್ ಮಂಕಾಗೋ ಆ ಒಂದು ನಿಮಿಷ ಇದ್ಯಲ್ಲ, ಆಗ ಆಚೆ ದಡದ ಮರಗಳನ್ನ ಅಲ್ಟ್ರಾಮರೀನ್ ಸಿಯೆನ್ನಾದ ಬೂದಿನಲ್ಲಿ ಇಟ್ಟೆ, ಅಂಚು ಮೆತ್ತಗೆ ಹರಡ್ತು, ಮಂಜು ಆಯ್ತು. ಒಂದು ಕಡೆ ಟಬೂಬಿಯಾ ಗುಲಾಬಿ ಹೂ ಬಿಟ್ಟಿತ್ತು, ಅದಕ್ಕೆ ರೋಸ್ ಒಂದೇ ತೊಟ್ಟು. ಜನವರಿ ಫೆಬ್ರವರಿಯಲ್ಲಿ ಗಾಳಿ ಒಣ, ಹಾಗಾಗಿ ಈ ಹದ ಬೇಗ ಬಂದು ಬೇಗ ಹೋಗುತ್ತೆ, ಎಲ್ಲ ಬಣ್ಣ ಮೊದಲೇ ಕಲಸಿಟ್ಟಿರ್ಬೇಕು. ಮಳೆಗಾಲದಲ್ಲಿ ಇದೇ ವಾಶ್ ಮಾಡಿದ್ರೆ ಕಾಯೋದೇ ಕಾಯೋದು.

ಮಂಜಿನ ಈ ಮೆತ್ತನೆ ಇಳಿತ ಕಲಿಯೋಕೆ ನಾನು ನೋಡೋದು ಕೆ. ವೆಂಕಟಪ್ಪನವರ (1886–1965) ಊಟಿ ಜಲವರ್ಣಗಳು. ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿನೇ ಇದೆ. ಬೆಟ್ಟದ ಮೇಲೆ ಮೋಡ ಇಳಿಯೋದನ್ನ ಎಷ್ಟು ಕಡಿಮೆ ಬಣ್ಣದಲ್ಲಿ, ಎಷ್ಟು ತಾಳ್ಮೆಯಿಂದ ಹಿಡಿದಿದಾರೆ ಅಂತ ಹತ್ರ ನಿಂತು ನೋಡ್ಬೇಕು. ಅದಕ್ಕೆ ಪೂರ್ತಿ ಎದುರು ರುಮಾಲೆ ಚನ್ನಬಸವಯ್ಯನವರು, ಬೆಂಗಳೂರಿನ ಹೂ ಬಿಟ್ಟ ಮರಗಳನ್ನ ದಪ್ಪ ದಪ್ಪ ಬಣ್ಣದಲ್ಲಿ ತುಂಬಿಬಿಡ್ತಾರೆ, ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಈ ಊರಲ್ಲಿ ನಿಸರ್ಗ ಬರೆಯೋರಿಗೆ ಇಬ್ಬರೂ ಬೇಕು. ದೂರದ ದಡಕ್ಕೆ ಮೊದಲಿನವರು, ಹತ್ತಿರದ ಮರಕ್ಕೆ ಎರಡನೆಯವರು.

ಜೊಂಡು

ಇಡೀ ಚಿತ್ರ ನಿಲ್ಲೋದೇ ಇಲ್ಲಿ. ಹಕ್ಕಿ ಇನ್ನೂ ಖಾಲಿ ಪೇಪರ್, ಅದರ ಹಿಂದೆ ಈಗ ಗಾಢ ಬಣ್ಣ ಬರ್ಬೇಕು. ರಾ ಸಿಯೆನ್ನಾ ಜೊತೆ ಅಲ್ಟ್ರಾಮರೀನ್ ಹಾಕಿದ್ರೆ ಒಣಜೊಂಡಿನ ಮಾಸಲು ಹಸಿರು, ಕೋಬಾಲ್ಟ್ ಜೊತೆ ಲೆಮನ್ ಹಾಕಿದ್ರೆ ಹೊಸ ಚಿಗುರಿನ ಹಸಿರು. ಎರಡನ್ನೂ ಪಕ್ಕ ಪಕ್ಕ ಪೇಪರ್ ಮೇಲೇ ಬೆರೆಯೋಕೆ ಬಿಟ್ಟೆ, ತಟ್ಟೇಲಿ ಬೆರೆಸಲಿಲ್ಲ, ತಟ್ಟೇಲಿ ಬೆರೆಸಿದ ಹಸಿರು ಎಲ್ಲಾ ಕಡೆ ಒಂದೇ ಥರ ಆಗಿಬಿಡುತ್ತೆ.

12 ನಂಬರ್ ರೌಂಡ್ ಬ್ರಷ್‌ನ ಮೂತಿ ಹಕ್ಕಿಯ ಬೆನ್ನಿನ ಗೆರೆ ಕಡೆ, ಬ್ರಷ್ಷಿನ ಹೊಟ್ಟೆ ಜೊಂಡಿನ ಕಡೆ ಇಟ್ಟು, ಕುತ್ತಿಗೆಯ ತಿರುವಿಂದ ಶುರು ಮಾಡಿ ಬಾಲದವರೆಗೆ ನಿಲ್ಲಿಸದೆ ಎಳ್ಕೊಂಡು ಬಂದೆ. ಹಿಂದಿನ ಕುತ್ತಿಗೆಯಲ್ಲಿ ಹೆಜ್ಜಾರ್ಲೆಗೆ ಸುರುಳಿ ಸುರುಳಿ ಬೂದು ಕೂದಲು ಥರದ ಗರಿ ಇರುತ್ತೆ, ಅಲ್ಲಿ ಮಾತ್ರ ಬ್ರಷ್ ಅರ್ಧ ಒಣಗಿಸಿ ಅಂಚನ್ನ ಒಡೆದು ಬಿಟ್ಟೆ. ಎರಡು ನಿಮಿಷದ ಕೆಲಸ ಅಷ್ಟೇ, ಆದ್ರೆ ಬಣ್ಣ ಬೀಳ್ತಾ ಬೀಳ್ತಾ ಖಾಲಿ ಪೇಪರ್ ಇದ್ದದ್ದು ಕಣ್ಣೆದುರೇ ಹಕ್ಕಿ ಆಗೋದನ್ನ ನೋಡ್ಬೇಕು, ಒಳಗೆ ಒಂದು ಹನಿ ಬಣ್ಣ ಹಾಕಿಲ್ಲ, ಆಗಲೇ ತೂಕ ಇದೆ, ಬಿಸಿಲಿದೆ. ಜಲವರ್ಣವನ್ನ ನಾನು ಬಿಡದೆ ಹಿಡ್ಕೊಂಡಿರೋದು ಈ ಎರಡು ನಿಮಿಷಕ್ಕೋಸ್ಕರ.

ಅದು ಅರ್ಧ ಒಣಗಿದಾಗ ಪ್ಲಾಸ್ಟಿಕ್ ಕಾರ್ಡಿನ ಮೂಲೆಯಿಂದ ಕೆಲವು ಎಲೆಗಳನ್ನ ಗೀರಿ ತಿಳಿ ಮಾಡ್ದೆ, ಪೂರ್ತಿ ಒಣಗಿದ ಮೇಲೆ ಉದ್ದ ತೆಳು ಕೂದಲಿನ ರಿಗ್ಗರ್ ಬ್ರಷ್‌ನಲ್ಲಿ ಕೆಲವು ಗಾಢ ಎಲೆ. ಜೊಂಡಿನ ಎಲೆ ಎಲ್ಲಾ ನೆಟ್ಟಗೆ ನಿಲ್ಲಲ್ಲ, ಗಾಳಿಗೆ ಒಂದು ಕಡೆ ಒರಗಿರುತ್ತೆ, ಕೆಲವು ಮುರಿದು ನೀರಿಗೆ ಬಿದ್ದಿರುತ್ತೆ. ಆ ಮುರಿದ ಎಲೆಗಳಿಂದಲೇ ಜೊಂಡು ಜೊಂಡಾಗೋದು.

ಮೇಲಿನ ಎಡ ಮೂಲೆಯಲ್ಲಿ ಟೇಪಿನ ಅಂಚಲ್ಲಿ ನಿಂತಿದ್ದ ನೀರು ವಾಪಸ್ ಹರಿದು ಆಕಾಶದಲ್ಲಿ ಒಂದು ಬ್ಲೂಮ್ ಬಿದ್ದಿತ್ತು, ಅಂಚು ಗಾಢವಾಗಿರೋ ನೀರಿನ ಕಲೆ, ಹೂಕೋಸು ಅಂತಾರಲ್ಲ ಅದೇ. ಪೂರ್ತಿ ಒಣಗೋವರೆಗೆ ಮುಟ್ಟಲಿಲ್ಲ. ಆಮೇಲೆ ಗಟ್ಟಿ ಕೂದಲಿನ ಸಣ್ಣ ಬ್ರಷ್ ಒದ್ದೆ ಮಾಡಿ ಅದರ ಗಾಢ ಅಂಚನ್ನ ಮಾತ್ರ ಉಜ್ಜಿ, ಟಿಶ್ಯೂ ಒತ್ತಿ ಎತ್ತಿದೆ. ಕೋಬಾಲ್ಟ್ ಸುಲಭವಾಗಿ ಎದ್ದು ಬರುತ್ತೆ, ಪೇಪರ್ ಗಟ್ಟಿ ಇದ್ರೆ ಮೈ ಕೀಳಲ್ಲ. ಈಗ ಹುಡುಕಿದ್ರೂ ಕಾಣಲ್ಲ.

ಹಕ್ಕಿ

ಮಾಸ್ಕಿಂಗ್ ಫ್ಲೂಯಿಡ್ ಬೆರಳಿಂದ ಉಜ್ಜಿ ತೆಗೆದೆ. ಇದನ್ನ ದಿನಗಟ್ಟಲೆ ಬಿಡ್ಬಾರ್ದು, ಬಿಟ್ರೆ ಪೇಪರ್ ಕಿತ್ಕೊಂಡು ಬರುತ್ತೆ.

ಇನ್ನು ಹಕ್ಕಿಗೆ ಬೇಕಾಗಿದ್ದು ನೆರಳು ಮಾತ್ರ. ಬಿಸಿಲು ಬಲಗಡೆಯಿಂದ, ಹಾಗಾಗಿ ಎದೆಯ ಎಡ ಪಕ್ಕ, ರೆಕ್ಕೆಯ ಕೆಳಗೆ, ಹೊಟ್ಟೆ, ಇಷ್ಟು ನೆರಳು. ಎಲ್ಲ ಒಂದೇ ಬೂದು ಹಾಕಿದ್ರೆ ಸುಣ್ಣದ ಗೊಂಬೆ ಆಗುತ್ತೆ. ಸ್ಕೆಚ್‌ಬುಕ್ಕಿನ ಪಕ್ಕದಲ್ಲಿ ಕೆರೆ ಹತ್ರನೇ ಬರೆದಿಟ್ಟಿದ್ದೆ: ರೆಕ್ಕೆಯ ಮೇಲ್ಮುಖದ ನೆರಳು ನೀಲಿ, ಹೊಟ್ಟೆಯ ಅಡಿ ಹಳದಿ. ರೆಕ್ಕೆಯ ಮೇಲ್ಮುಖ ಆಕಾಶಕ್ಕೆ ತೆರೆದಿದೆ, ಅದಕ್ಕೆ ಅಲ್ಲಿ ಅಲ್ಟ್ರಾಮರೀನ್ ಜಾಸ್ತಿ. ಹೊಟ್ಟೆ ನೀರಿಗೆ ಮುಖ ಮಾಡಿದೆ, ಬಿಸಿಲು ಬಿದ್ದ ನೀರು ಬೆಳಕನ್ನ ಮೇಲಕ್ಕೆ ಎಸೀತಾ ಇರುತ್ತೆ, ಅದಕ್ಕೆ ಅಲ್ಲಿ ಅದೇ ಬೂದಿಗೆ ರಾ ಸಿಯೆನ್ನಾ, ಜೊಂಡಿನ ಹತ್ರ ಒಂದು ಹನಿ ಹಸಿರು. ಒದ್ದೆ ಇರುವಾಗಲೇ ಒಂದರೊಳಗೊಂದು ಇಳಿಸಿದೆ. ಇಷ್ಟಾದ ಮೇಲೆ ಹಕ್ಕಿ ಆ ಕೆರೆಗೆ ಸೇರಿದ್ದು ಅನ್ನಿಸ್ತು. ಬೇರೆ ಕೆರೆಯ ಹಿನ್ನೆಲೆ ತಂದಿಟ್ರೆ ಅದೇ ಹಕ್ಕಿ ಒಗ್ಗಲ್ಲ, ಇದನ್ನೇ ನಾನು ಮೊದಲಿಂದ ಹುಡುಕ್ತಾ ಇದ್ದದ್ದು.

ಕೊಕ್ಕಿಗೆ ರೋಸ್, ರಾ ಸಿಯೆನ್ನಾ ತುಂಬಾ ತೆಳುವಾಗಿ. ಮೇಲಿನ ಕೊಕ್ಕಿನ ಪಕ್ಕದಲ್ಲಿ ಸಾಲು ಚುಕ್ಕೆ, ಅದರಿಂದಲೇ ಈ ಹಕ್ಕಿಯ ಇಂಗ್ಲಿಷ್ ಹೆಸರು ಸ್ಪಾಟ್ ಬಿಲ್ಡ್ ಪೆಲಿಕನ್. ಚುಕ್ಕೆಗಳನ್ನ ಒಂದೇ ಅಳತೆಗೆ ಇಡ್ಬಾರ್ದು, ತುದಿ ಕಡೆ ಹೋಗ್ತಾ ಸಣ್ಣ, ಬಿಸಿಲಿರೋ ಕಡೆ ಮಸುಕು. ಚೀಲದ ಚರ್ಮಕ್ಕೆ ಎರಡು ಮಡಿಕೆ ಗೆರೆ. ಕೊಕ್ಕಿನ ತುದಿಯ ಸಣ್ಣ ಕೊಂಡಿ ಮರೀಬಾರ್ದು. ಕಣ್ಣು ಎಲ್ಲಕ್ಕಿಂತ ಕೊನೆಗೆ, 2 ನಂಬರ್ ಬ್ರಷ್, ಗಟ್ಟಿ ಬಣ್ಣ, ಮೇಲ್ಗಡೆ ಪೇಪರಿನ ಬಿಳಿ ಒಂದು ಸೂಜಿ ಮೊನೆಯಷ್ಟು ಬಿಟ್ಟೆ. ಗರಿ ಎಷ್ಟು ಬರೆದೆ ಅಂದ್ರೆ, ರೆಕ್ಕೆಯ ಮೇಲೆ ಕೆಲವು ಅಂಚು, ಬಾಲದ ಹತ್ರ ಆ ಗಾಢ ತ್ರಿಕೋನ, ಅಷ್ಟೇ.

ನೀರು

ನೀರಲ್ಲಿ ಕಾಣೋ ಹಕ್ಕಿ ಮೇಲಿನ ಹಕ್ಕಿಯನ್ನ ತಲೆಕೆಳಗೆ ಮಾಡಿದ ಕಾಪಿ ಅಲ್ಲ. ನಾವು ಏರಿ ಮೇಲಿಂದ ನೋಡ್ತೀವಿ, ಆದ್ರೆ ಪ್ರತಿಬಿಂಬ ಕಾಣೋದು ನೀರಿನ ಕೆಳಗಿಂದ ಮೇಲೆ ನೋಡಿದ ಹಾಗೆ. ಹಾಗಾಗಿ ಅಲ್ಲಿ ಹೊಟ್ಟೆ ಜಾಸ್ತಿ ಕಾಣುತ್ತೆ, ಬೆನ್ನು ಕಡಿಮೆ, ಬೊಡ್ಡೆಯ ತಳಭಾಗ ಕಾಣುತ್ತೆ. ಬಣ್ಣದಲ್ಲೂ ವ್ಯತ್ಯಾಸ: ಬಿಳಿ ವಸ್ತು ನೀರಲ್ಲಿ ಸ್ವಲ್ಪ ಗಾಢ, ಗಾಢ ವಸ್ತು ಸ್ವಲ್ಪ ತಿಳಿ. ಅದಕ್ಕೆ ಮೊದಲು ಇಡೀ ನೀರಿಗೆ ಆಕಾಶದ್ದೇ ಬಣ್ಣ ಒಂದು ಮೆಟ್ಟಿಲು ಗಾಢವಾಗಿ ಹಾಕಿದೆ, ಹಕ್ಕಿಯ ಪ್ರತಿಬಿಂಬದ ಜಾಗವೂ ಬಿಡದೆ. ಅದು ಒಣಗಿದ ಮೇಲೆ ಜೊಂಡಿನ ಪ್ರತಿಬಿಂಬ ಮೇಲಿಂದ ಕೆಳಕ್ಕೆ ಎಳೆದು, ಹಕ್ಕಿಯ ಆಕಾರ ಬಿಟ್ಟು, ಕೆಳಗೆ ಹೋಗ್ತಾ ಅಡ್ಡ ಗೆರೆಗಳಾಗಿ ಒಡೆದೆ. ಹತ್ತಿರದ ಅಲೆ ಅಗಲ, ದೂರದ್ದು ಕೂದಲೆಳೆ. ಎಡಗಡೆ ತೆರೆದ ನೀರಲ್ಲಿ ಒಂದು ಗುಳುಮುಳುಕ (ಮುಳುಗಿ ಏಳೋ ಸಣ್ಣ ನೀರುಹಕ್ಕಿ) ಇಡ್ಬೇಕು ಅಂತ ಆಸೆ ಇತ್ತು, ತಂಬ್‌ನೇಲ್ ಮೇಲೆ ಇಟ್ಟು ನೋಡಿದೆ, ಕಣ್ಣು ಅಲ್ಲಿಗೇ ಓಡ್ತಾ ಇತ್ತು, ಬಿಟ್ಟೆ.

ಫ್ರೇಮ್

ಬೋರ್ಡಿಂದ ಕತ್ತರಿಸುವಾಗ ಒಂದು ಉದ್ದ ಅಂಚು ಆದ ಮೇಲೆ ಅದರ ಎದುರು ಅಂಚು ಕತ್ತರಿಸ್ಬೇಕು, ಅದರ ಬದಲು ಅಕ್ಕಪಕ್ಕದ್ದು ಕತ್ತರಿಸಿದ್ರೆ ಬಿಗಿ ಒಂದು ಕಡೆಗೆ ಎಳೆದು ಮೂಲೆ ಹರಿಯೋ ಸಾಧ್ಯತೆ ಇದೆ. ಮೌಂಟ್ ಬೋರ್ಡ್ (ಚಿತ್ರದ ಸುತ್ತ ಹಾಕೋ ರಟ್ಟು) ಆಸಿಡ್ ಫ್ರೀ ಕೇಳಿ ಹಾಕಿಸ್ದೆ, ಮಾಮೂಲಿ ರಟ್ಟು ಕೆಲವೇ ವರ್ಷದಲ್ಲಿ ಪೇಪರಿನ ಅಂಚಿಗೆ ಹಳದಿ ಹತ್ತಿಸುತ್ತೆ. ಗಾಜು ಚಿತ್ರಕ್ಕೆ ತಾಗ್ಬಾರ್ದು, ಮೌಂಟಿನ ದಪ್ಪ ಆ ಅಂತರ ಕೊಡುತ್ತೆ. ನಮ್ಮೂರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆ ತಣ್ಣಗಿರುತ್ತೆ, ಗಾಜಿನ ಒಳಗೆ ತೇವ ಕೂತ್ರೆ ಪೇಪರ್ ಮೇಲೆ ಕಂದು ಚುಕ್ಕೆಯ ಬೂಷ್ಟು ಬರುತ್ತೆ, ಒಂದು ಸಲ ಬಂದ್ರೆ ತೆಗೆಯೋದು ಮನೆಯಲ್ಲಿ ಆಗೋ ಕೆಲಸ ಅಲ್ಲ. ಅದಕ್ಕೆ ಹಿಂದೆ ಪೂರ್ತಿ ಟೇಪ್ ಹಾಕಿ ಮುಚ್ಚಿ, ಫ್ರೇಮಿನ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸ್ದೆ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತೆ. ನೇತು ಹಾಕಿರೋದು ಉತ್ತರದ ಕಿಟಕಿಯ ಪಕ್ಕದ ಗೋಡೆಗೆ, ಅಲ್ಲಿ ನೇರ ಬಿಸಿಲು ಬರಲ್ಲ. ಹೊರಗಿನ ಗೋಡೆ, ಬಾತ್‌ರೂಮ್ ಗೋಡೆ ಬೇಡ, ಒಳಗೋಡೆ ನೋಡ್ಕೊಳ್ಳಿ, ಮಳೆಗಾಲ ಮುಗಿದ ಮೇಲೆ ಒಂದು ಸಲ ಇಳಿಸಿ ಹಿಂಬದಿ ಟೇಪ್ ಬಿಟ್ಟಿದ್ಯಾ ಅಂತ ನೋಡಿ, ಬಿಟ್ಟಿದ್ರೆ ಒಣ ದಿನದಲ್ಲಿ ಹೊಸ ಟೇಪ್ ಹಾಕಿ.